ಮೂಕಿಯ ನಗೆಗೆ ಪಕ್ಕವಾದ್ಯ

ಬಸ್ಟರ್ ಕೀಟನ್ನನ 1928ರ ‘ಸ್ಟೀಮ್‌ಬೋಟ್ ಬಿಲ್ ಜೂನಿಯರ್’ ಮೂಕಚಿತ್ರದ ಕಡೆಯ ಭಾಗದಲ್ಲಿ, ಚಂಡಮಾರುತಕ್ಕೆ ಸಿಕ್ಕಿ ಊರಿಗೆ ಊರೇ ಕಿತ್ತುಹೋಗುತ್ತಿರುವಾಗ, ದಿಗ್ಭ್ರಾಂತನಾಗಿ ಬೀದಿಯಲ್ಲಿ ನಿಂತ ನಾಯಕನ ಮೇಲೆ ಎರಡಂತಸ್ತಿನ ಮನೆಯ ಇಡಿಯ ಮುಂಗೋಡೆಯೇ ಮಗುಚಿಕೊಳ್ಳುತ್ತದೆ. ಮೇಲಂತಸ್ತಿನ ತೆರೆದ ಕಿಟಕಿ ಸರಿಯಾಗಿ ಅವನಿದ್ದೆಡೆಗೇ ಬಂದುದರಿಂದ ಅವನು ಕೂದಲೂ ಕೊಂಕದೆ ನಿಂತಲ್ಲೇ ನಿಂತಿರುತ್ತಾನೆ. ಗೋಡೆ ನಿಜವಾದುದು, ಅಂತರ ಕೆಲವೇ ಅಂಗುಲಗಳದು. ಪರದೆಯ ಕೆಳಗೆ, ಮಸುಕು ದೀಪದಲ್ಲಿ, ಪಿಯಾನೋದ ಮುಂದೆ ಕುಳಿತ ವಾದಕನಿಗೂ ಅದೇ ಅಗ್ನಿಪರೀಕ್ಷೆಯ ಕ್ಷಣ.

ಎಳಸು ಕೈಯಾದರೆ ಗೋಡೆ ನೆಲ ಮುಟ್ಟುವ ಮುನ್ನವೇ ಭಾರಿ ಸ್ವರವೊಂದನ್ನು ಗುದ್ದಿ ಗುಟ್ಟನ್ನು ರಟ್ಟು ಮಾಡಿಬಿಡುತ್ತದೆ. ಪಳಗಿದವನಾದರೋ, ಅಲ್ಲಿಯವರೆಗೆ ಎಡಗೈಯಲ್ಲಿ ಬಿರುಗಾಳಿಯನ್ನು ಮೊರೆಯಿಸುತ್ತ ಬಂದು, ಗೋಡೆ ವಾಲತೊಡಗಿದೊಡನೆ ಎರಡು ಕೈಗಳನ್ನೂ ಎತ್ತಿಬಿಡುತ್ತಾನೆ. ಆ ನಿಶ್ಶಬ್ದದೊಳಕ್ಕೆ ಸಭೆಯ ನಗೆ ತಾನಾಗಿ ನುಗ್ಗುತ್ತದೆ.

ಮೂಕಿಯ ಕಾಲದಲ್ಲಿ ಅಮೆರಿಕದ ದೊಡ್ಡ ಚಿತ್ರಮಂದಿರಗಳಲ್ಲಿ ವಾದ್ಯವೃಂದವೋ, ಡೋಲು ಗಂಟೆ ಹಕ್ಕಿಯುಲಿಗಳನ್ನೆಲ್ಲ ಒಡಲಲ್ಲಿಟ್ಟುಕೊಂಡ ವುರ್ಲಿಟ್ಜರ್ ಆರ್ಗನ್ನೋ ಇರುತ್ತಿದ್ದರೆ, ಸಣ್ಣ ಊರುಗಳಲ್ಲಿ ಒಂಟಿ ಪಿಯಾನೋವೇ ಗತಿ. ಅಂಥ ವಾದಕರಿಗಾಗಿ 1924ರಲ್ಲಿ ಎರ್ನೋ ರಾಪೀ ಎಂಬ ಸಂಗೀತಗಾರನು 52 ಭಾವ-ಸನ್ನಿವೇಶಗಳಿಗೆ ಹೊಂದುವ ರಚನೆಗಳ ಒಂದು ಸಂಕಲನವನ್ನು ಪ್ರಕಟಿಸಿದನು. ಬೆನ್ನಟ್ಟುವಿಕೆಯಿಂದ ವಿಲಾಪಕ್ಕೆ ಒಂದೇ ನೆಗೆತದಲ್ಲಿ ಹಾರಬೇಕಾದವನಿಗೆ ನೆರವಾಗಲೆಂದು ಪುಟಪುಟದ ಅಂಚಿನಲ್ಲಿಯೂ ಭಾವಗಳ ಸೂಚಿಯನ್ನು ಮುದ್ರಿಸಲಾಗಿತ್ತು. ನವರಸಗಳನ್ನು ಉಂಡು ಬೆಳೆದ ನಮಗೆ, ಭಾವಗಳನ್ನು ಹೀಗೆ ಕಿರಾಣಿ ಅಂಗಡಿಯ ಡಬ್ಬಿಗಳಂತೆ ಜೋಡಿಸಿಟ್ಟುದನ್ನು ಕಂಡು ನಗು ಬಂದೀತು. ಆದರೆ ಮೊದಲ ಆಟದಂದೇ ಚಿತ್ರವನ್ನು ಮೊದಲ ಬಾರಿಗೆ ನೋಡುತ್ತಿದ್ದ ಬಡ ವಾದಕನಿಗೆ ಆ ಡಬ್ಬಿಗಳೇ ಅನ್ನ. ಮುಂದೆ ಜಗದ್ವಿಖ್ಯಾತ ಸಂಗೀತರಚನಕಾರನಾದ ಶೋಸ್ತಕೋವಿಚ್ ಕೂಡ ವಿದ್ಯಾರ್ಥಿದೆಸೆಯಲ್ಲಿ ಲೆನಿನ್‌ಗ್ರಾಡಿನ ಚಿತ್ರಮಂದಿರಗಳಲ್ಲಿ ಪಿಯಾನೋ ನುಡಿಸಿ ಹೊಟ್ಟೆ ಹೊರೆದವನೇ. ನಮ್ಮ ದೇಶದ ಡೇರೆಗಳಲ್ಲಿ ಈ ಕೆಲಸ ಹಾರ್ಮೋನಿಯಂ ತಬಲಾಗಳ ಪಾಲಿಗೆ ಬಂದಿತ್ತು.

ಹಾಸ್ಯಚಿತ್ರಕ್ಕೆ ಹಾಸ್ಯದ ಸಂಗೀತವೇ ಬೇಕೆಂಬುದು ಮೇಲುನೋಟಕ್ಕೆ ಸಹಜವಾಗಿ ತೋರುವ ಭ್ರಮೆ. ಟಾಕಿಯು ಗೆದ್ದಾಗಿದ್ದ 1931ರಲ್ಲಿಯೂ ಹಟ ಹಿಡಿದು ‘ಸಿಟಿ ಲೈಟ್ಸ್’ ಚಿತ್ರವನ್ನು ಮಾತಿಲ್ಲದೆಯೇ ತೆರೆಗೆ ತಂದು, ಅದಕ್ಕೆ ತಾನೇ ಸಂಗೀತ ಕಟ್ಟಿದ ಚಾಪ್ಲಿನ್, ವಾದ್ಯಸಂಯೋಜಕರು ನಗೆಯ ಸ್ವರಗಳನ್ನು ತುರುಕಲು ಹೊರಟಾಗ ಒಪ್ಪಲಿಲ್ಲ. ತನ್ನ ಅಲೆಮಾರಿಯ ಚೇಷ್ಟೆಯೊಡನೆ ಸಂಗೀತವು ಪೈಪೋಟಿ ನಡೆಸಕೂಡದು, ಗಾಂಭೀರ್ಯದಿಂದಲೂ ಮಾಧುರ್ಯದಿಂದಲೂ ಅದು ಪಕ್ಕದಲ್ಲಿ ನಡೆಯಬೇಕು ಎಂಬುದು ಅವನ ಮತ. ಅದು ಚಿತ್ರದೊಡನೆಯೇ ಧ್ವನಿಮುದ್ರಿತವಾದ ಸಂಗೀತವಾಗಿದ್ದಿತು. ಅವನ ಜನ್ಮಶತಾಬ್ದಿಯಾದ 1989ರಲ್ಲಿ ಸಂಗೀತಗಾರ ಕಾರ್ಲ್ ಡೇವಿಸ್ ಅದನ್ನು ಸಜೀವ ವಾದ್ಯವೃಂದಕ್ಕೆ ಅಣಿಗೊಳಿಸಿದನು.

ನಮ್ಮ ಕಚೇರಿಗಳ ಮೃದಂಗದವನಿಗೂ ಎಲ್ಲಿ ಕೈ ಬಿಗಿಹಿಡಿಯಬೇಕೆಂಬುದು ಗೊತ್ತು. ಆದರೆ ಅವನಿಗೆ ಗಾಯಕನ ಕಣ್ಸನ್ನೆಯ ಆಸರೆಯುಂಟು. ಮೂಕಿಯ ಪಕ್ಕವಾದ್ಯದವನು ಒತ್ತಾಸೆಯಾಗಿರುವುದು ಎಂದೋ ತೀರಿಹೋದ ನಟನಿಗೆ. ಆತ ತಿರುಗಿ ನೋಡುವವನಲ್ಲ, ಕಾಯುವವನೂ ಅಲ್ಲ. ಇಟಲಿಯ ಪೋರ್ಡೆನೋನೆ ಪಟ್ಟಣದಲ್ಲಿ 1982ರಲ್ಲಿ ಆರಂಭವಾದ ಮೂಕಚಿತ್ರೋತ್ಸವದಲ್ಲಿ ವಾದಕರು ಬಹುಮಟ್ಟಿಗೆ ಮನೋಧರ್ಮದಿಂದಲೇ ನುಡಿಸುತ್ತಾರೆ. ಚಿತ್ರ ಅದೇ, ನಗೆ ಮಾತ್ರ ಒಂದು ಸಂಜೆಯಂತೆ ಇನ್ನೊಂದು ಸಂಜೆ ಇರದು. ಧೂಳು ಇಳಿಯುತ್ತದೆ, ಕೀಟನ್ ಓಟ ಕೀಳುತ್ತಾನೆ, ಸಭೆ ಇನ್ನೂ ನಗುತ್ತಲೇ ಇರುತ್ತದೆ; ಎಡಗೈ ಮೆಲ್ಲನೆ ಆ ನಗೆಯ ಅಡಿಯಿಂದಲೇ ಮತ್ತೆ ಬಿರುಗಾಳಿಯನ್ನು ಎತ್ತಿಕೊಳ್ಳುತ್ತದೆ.