ಜಗಲಿಯಲ್ಲಿ ಹದಿನೈದು ನಿಮಿಷ

“ಸಿಸ್ಟರ್, ಅಮ್ಮನಿಗೆ ಕ್ಯಾನ್ಸರ್ ಅಂತ ಹೇಳ್ಲಿಲ್ಲ. ನೀವೂ ಹೇಳ್ಬೇಡಿ ಆಯ್ತಾ?” ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ರೋಗಿಯ ಮನೆಗೆ ಹೋಗುವ ನರ್ಸ್‌ಗೆ ಅಂಗಳದಲ್ಲೇ ಎದುರಾಗುವ ಮಾತು ಇಂಥದ್ದು. ಒಳಗೆ ಮಂಚದ ಮೇಲಿನ ಅಮ್ಮನದು ಇನ್ನೊಂದು ಪಿಸುಮಾತು: “ನನಗೆಲ್ಲ ಗೊತ್ತುಂಟು. ಮಗ ಹೆದರ್ತಾನೆ, ಅವನ ಹತ್ರ ಹೇಳ್ಬೇಡಿ.” ಡ್ರೆಸ್ಸಿಂಗ್ ಬದಲಿಸುವುದು ಕೈ ಪಳಗಿದ ಕೆಲಸ. ಈ ಎರಡು ಗುಟ್ಟುಗಳನ್ನು ಒಂದೇ ಕೋಣೆಗೆ ತರುವುದು ಕಷ್ಟ.

ಅದಕ್ಕೂ ನರ್ಸಿಂಗ್‌ನಲ್ಲಿ ಒಂದು ಕ್ರಮ ಉಂಟು. ಕೆನಡಾದ ಕ್ಯಾಲ್ಗರಿಯ ಲೊರೇನ್ ರೈಟ್ ಮತ್ತು ಮೌರೀನ್ ಲೇಹಿ 1984ರಲ್ಲಿ ಪುಸ್ತಕ ಬರೆದು, ಕುಟುಂಬ ಚಿಕಿತ್ಸೆಯ ವಿದ್ಯೆಯನ್ನು ನರ್ಸ್‌ಗಳ ಕೈಗೆ ಕೊಟ್ಟರು. ಪುರುಸೊತ್ತಿಲ್ಲ ಎನ್ನುವವರಿಗೆ 15 ನಿಮಿಷದಲ್ಲಿ ಮುಗಿಸುವ ಬಗೆಯನ್ನೂ ಆಮೇಲೆ ಹೇಳಿಕೊಟ್ಟರು: ಹೆಸರು ಹೇಳಿ ಪರಿಚಯ, ಕುಟುಂಬದ ನಕ್ಷೆ, ಕೆಲವೇ ಪ್ರಶ್ನೆ, ಮನೆಯವರು ಚೆನ್ನಾಗಿ ಮಾಡುತ್ತಿರುವುದಕ್ಕೆ ಬಾಯ್ತುಂಬ ಮೆಚ್ಚುಗೆ. ಒಂದೇ ಪ್ರಶ್ನೆಗೆ ಉತ್ತರ ಸಿಗುವುದಾದರೆ ಯಾವುದನ್ನು ಕೇಳುತ್ತೀರಿ ಎಂದು ಮನೆಯವರನ್ನೇ ವಿಚಾರಿಸುವ ಉಪಾಯ ನನಗೆ ಬಹಳ ಹಿಡಿಸಿತು.

ನಕ್ಷೆ ಬರೆಯುವಾಗ ಮಾತ್ರ ತುಳುನಾಡು ಪುಸ್ತಕಕ್ಕೆ ಬಗ್ಗುವುದಿಲ್ಲ. ತಾಯಿಯ ಕಡೆಯಿಂದ ವಂಶ ಎಣಿಸಿ, ಸೋದರಮಾವನಿಗೆ ಯಜಮಾನಿಕೆ ಕೊಡುವ ಅಳಿಯಸಂತಾನ ಪದ್ಧತಿ ಕಾನೂನಿನಿಂದ ಸರಿದಿರಬಹುದು, “ಮಾವನನ್ನು ಒಂದು ಮಾತು ಕೇಳ್ಬೇಕು” ಎಂದು ಆಪರೇಷನ್ ತಡೆದು ನಿಲ್ಲಿಸುವ ಮನೆಗಳು ಇನ್ನೂ ಇವೆ. ಒಂದು ಗೆರೆ ಮುಂಬೈಗೆ ಹೋಗುತ್ತದೆ, ಇನ್ನೊಂದು ದುಬೈಗೆ. ದುಡ್ಡು ಕಳಿಸುವವರು ಅಲ್ಲಿ, ಮೈ ಒರೆಸುವವರು ಇಲ್ಲಿ. ವಿಡಿಯೊ ಕಾಲ್‌ನಲ್ಲಿ ಸಲಹೆ ಕೊಡುವವರಿಗಂತೂ ಬರವಿಲ್ಲ. ಬೀಡಿ ಎಲೆ ಬದಿಗಿಟ್ಟು ಬಂದು ಬಾಗಿಲಿಗೆ ಒರಗಿ ನಿಲ್ಲುವ ಸೊಸೆಯನ್ನು ಯಾರೂ ಏನೂ ಕೇಳಿರುವುದಿಲ್ಲ. ನಿನ್ನೆ ರಾತ್ರಿ ನಿದ್ದೆ ಬಂತಾ ಎಂದು ಸಿಸ್ಟರ್ ಮೊದಲು ಅವಳನ್ನೇ ಕೇಳಬೇಕು.

ಕಾಯಿಲೆ ದಶಕಗಟ್ಟಲೆ ಮನೆಯಲ್ಲೇ ಕೂತರೆ? ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡದ ಸುತ್ತ ಗೇರು ತೋಟಗಳಿಗೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದಿದ್ದರು. ಸುಪ್ರೀಂ ಕೋರ್ಟ್ 2011ರಲ್ಲಿ ತಡೆಯುವ ಹೊತ್ತಿಗೆ ಹಾಸಿಗೆ ಹಿಡಿದ ಮಕ್ಕಳು ದೊಡ್ಡವರಾಗಿದ್ದರು, ಎತ್ತಿ ಮೀಯಿಸುವ ತಾಯಂದಿರ ಸೊಂಟ ಸೋತಿತ್ತು. ಮಗ ಅಲ್ಲಿನ ಎಂಡೋ ಪಾಲನಾ ಕೇಂದ್ರದಲ್ಲಿದ್ದಷ್ಟು ಹೊತ್ತು ತಾಯಿಗೆ ಸಿಗುವ ಬಿಡುವನ್ನೂ ನಾನು ಚಿಕಿತ್ಸೆಯ ಲೆಕ್ಕಕ್ಕೇ ಹಾಕುತ್ತೇನೆ.

ಈ ಮಾತುಕತೆಯನ್ನು ಯಾರು ನಡೆಸಬೇಕು? ಹಳ್ಳಿಯ ಆಯುಷ್ಮಾನ್ ಆರೋಗ್ಯ ಮಂದಿರಗಳ ಸಮುದಾಯ ಆರೋಗ್ಯ ಅಧಿಕಾರಿಗಳು ಹೆಚ್ಚಾಗಿ ನರ್ಸಿಂಗ್ ಓದಿದವರೇ. ಉಪಶಮನ ಆರೈಕೆ ಅವರ ಕೆಲಸದ ಪಟ್ಟಿಯಲ್ಲಿದೆ. ಬಿಪಿ, ಶುಗರ್, ಆನ್‌ಲೈನ್ ಎಂಟ್ರಿ ಮುಗಿಸಿದ ಮೇಲೆ ಆ 15 ನಿಮಿಷ ಎಲ್ಲಿಂದ ತರುವುದು ಎಂದು ಅವರು ಕೇಳಿದರೆ ತಪ್ಪಿಲ್ಲ. ಮೂಡುಬಿದಿರೆಯ ಆಳ್ವಾಸ್‌ನಂಥ ಕಾಲೇಜುಗಳಲ್ಲಿ ನರ್ಸಿಂಗ್ ಕಲಿಯುವವರಿಗೆ ಹಳ್ಳಿ ಪೋಸ್ಟಿಂಗ್ ಇರುತ್ತದೆ. ಹೊರಗಿನಿಂದ ಬಂದವರಿಗೆ ಎರಡು ತುಳು ಮಾತು ಬಂದರೆ ಸಾಕು: “ಎಂಚ ಉಲ್ಲರ್?”, “ಬೇನೆ ಉಂಡಾ?” ಹೇಗಿದ್ದೀರಿ ಎಂದರೆ ಯಾರಾದರೂ ಸೌಖ್ಯ ಎಂದುಬಿಡುತ್ತಾರೆ. ನೋವುಂಟಾ ಎಂಬುದನ್ನು ಮಗನ ಎದುರಿಗೇ ಕೇಳಬೇಕು.