ಓಣಿಯ ತುದಿಯ ಕಸ ಯಾರದು?

ದಾವಣಗೆರೆಯ ಮಂಡಿಪೇಟೆ, ಚೌಕಿಪೇಟೆಗಳಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ ಎಂಬುದು ಹಳೆಯ ರೂಢಿ. ಕೆಳಗಿನಿಂದ ರಟ್ಟು, ಗೋಣಿಯ ಚೂರು, ಪ್ಲಾಸ್ಟಿಕ್ಕು. ಮೇಲಿನಿಂದ ಸಿಪ್ಪೆ, ಮುಸುರೆ. ತೊಟ್ಟಿಯಿದ್ದರೆ ತೊಟ್ಟಿಗೆ, ಇಲ್ಲವಾದರೆ ಬರಿಯ ಮೂಲೆಗೆ ಎರಡೂ ಬಂದು ಬೀಳುವುವು. ಮುಂಜಾನೆಯ ಗಾಡಿ ಬರುವಾಗ ಅಂಗಡಿ ತೆರೆದಿರದು. ರಾತ್ರಿ ಬಾಗಿಲು ಹಾಕುವಾಗ ಗಾಡಿ ಇರದು. ರಾಶಿ ಬೆಳೆಯಲು ಇದೇ ಮೂಲವೆಂದು ನಮ್ಮ ಎಣಿಕೆ. ಅಂಗಡಿಯವರು ಮನೆಯವರನ್ನೂ ಮನೆಯವರು ಅಂಗಡಿಯವರನ್ನೂ ದೂರುವರು. ಅದರೊಳಗೆ ಕೈಯಿಡುವವರು ಮಾತ್ರ ಪೌರಕಾರ್ಮಿಕರು. ಒಡೆದ ಗಾಜು ತಾಗುವುದು ಅವರ ಅಂಗೈಗೆ. ಕಾಯಕದ ಹಿರಿಮೆಯನ್ನು ಮಕ್ಕಳಿಗೆ ಹೇಳಿಕೊಡುವ ಮನೆಗಳ ನಾವು ಇದನ್ನು ಕಂಡೂ ಕಾಣದಂತಿದ್ದೇವೆ.

2000ದ ಕೇಂದ್ರ ನಿಯಮಗಳು ತೊಟ್ಟಿಗಳ ಬಣ್ಣವನ್ನೂ ಗೊತ್ತುಪಡಿಸಿದ್ದವು: ಕೊಳೆಯುವುದಕ್ಕೆ ಹಸಿರು, ಮರುಬಳಕೆಯದಕ್ಕೆ ಬಿಳಿ, ಉಳಿದುದಕ್ಕೆ ಕಪ್ಪು. ತುಂಬಿ ಚೆಲ್ಲುವ ಮೊದಲೇ ಬರಿದುಮಾಡಬೇಕೆಂದೂ ಹೇಳಿದ್ದವು. 2016ರ ನಿಯಮಗಳು ಹಸಿ, ಒಣ, ಅಪಾಯಕರ ಎಂದು ವಿಂಗಡಿಸುವ ಹೊಣೆಯನ್ನು ಕಸ ಮಾಡುವವರ ಮೇಲೆಯೇ ಹೊರಿಸಿದವು. ಬಣ್ಣವೇನೋ ಬಳಿಯಬಹುದು, ಗಾಡಿಯ ಹೊತ್ತನ್ನು ಹೊಂದಿಸುವವರಾರು?

ಹರಿಹರದಲ್ಲಿ ಈ ಮಾತು ಇನ್ನೂ ಬಿಗಿಯಾದುದು. ಅಲ್ಲಿ ಪೇಟೆಯ ಚರಂಡಿಗೆ ಬಿದ್ದುದು ತುಂಗಭದ್ರೆಯ ದಿಕ್ಕು ಹಿಡಿಯುವುದು. ಹರಿಹರವೂ ದಾವಣಗೆರೆಯೂ ಕುಡಿಯುವುದು ಆ ಹೊಳೆಯ ನೀರನ್ನೇ.

ಅಂಗಡಿ ಸಾಲಿನವರೂ ಮೇಲಿನ ಮನೆಗಳವರೂ ಒಂದು ಸಂಜೆ ಕೂಡಿ ಕುಳಿತು, ರಾತ್ರಿಯೂ ಒಂದು ಗಾಡಿ ಬರಲೆಂದು ಒಂದೇ ಅರ್ಜಿ ಬರೆಯುವುದು ಲೇಸು. ಅಲ್ಲಿಯವರೆಗೆ ರಟ್ಟು ಅಂಗಡಿಯೊಳಗೇ, ಮುಸುರೆ ಮುಚ್ಚಿದ ಬಕೆಟ್ಟಿನಲ್ಲೇ ಇರಲಿ. ಗಾಜಿನ ಚೂರನ್ನು ದಪ್ಪ ಕಾಗದದಲ್ಲಿ ಸುತ್ತಿ, ಹೇಳಿಯೇ ಕೈಗೆ ಕೊಡೋಣ.