ಆಗಾಗ ಹೊರಗೆ ಸರಿಯುವ ಕಣ್ಣು: ಪಾಲಕರ ಗಮನಕ್ಕೆ



ಬೀದರ, ಭಾಲ್ಕಿ, ಔರಾದಗಳಿಂದ ಅರ್ಜಿ ಹಿಡಿದು ಬರುವ ತಾಯಂದಿರಲ್ಲಿ ಕೆಲವರು ನಮಗೆ ಹೇಳುವುದುಂಟು: “ಸಂಜೆಗೆ ಮಗುವಿನ ಒಂದು ಕಣ್ಣು ಹೊರಗೆ ಹೋಗ್ತದ ಸರ್, ಕರೆದರ ನೆಟ್ಟಗಾಗ್ತದ. ದವಾಖಾನಿಗೆ ಒಯ್ದರ ಏನೂ ಕಾಣಂಗಿಲ್ಲ.”

ತಾಯಿಯ ಮಾತು ಸುಳ್ಳಲ್ಲ. ಇದು ಸದಾ ಇರುವ ಮೆಳ್ಳಗಣ್ಣಲ್ಲ, ಬಂದು ಹೋಗುವಂಥದ್ದು. ಮಗು ದಣಿದಾಗ, ಜ್ವರ ಬಂದಾಗ, ದೂರ ನೋಡುತ್ತ ಮೈಮರೆತಾಗ ಕಾಣುತ್ತದೆ. ಬಿಸಿಲಿಗೆ ಬಂದೊಡನೆ ಒಂದೇ ಕಣ್ಣು ಮುಚ್ಚಿಕೊಳ್ಳುವುದೂ ಇದರ ಗುರುತು. ಬೆಳಿಗ್ಗೆ ದವಾಖಾನೆಯಲ್ಲಿ ಮಗು ಎಚ್ಚರವಾಗಿರುವುದರಿಂದ ಕಣ್ಣು ನೆಟ್ಟಗೇ ನಿಲ್ಲುತ್ತದೆ. ಆದ್ದರಿಂದ ಕಣ್ಣು ಸರಿದಾಗ ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ದಿನಕ್ಕೆ ಎಷ್ಟು ಸಲ, ಎಷ್ಟು ಹೊತ್ತು ಎಂದು ಬರೆದಿಡಿ. ಮಗು ತಾನಾಗಿ ಹೇಳುವುದು ಕಡಿಮೆ, ಏಕೆಂದರೆ ಎರಡೆರಡು ಕಾಣದಂತೆ ಮಿದುಳು ಸರಿದ ಕಣ್ಣಿನ ನೋಟವನ್ನು ಬಿಟ್ಟುಬಿಡುತ್ತದೆ. ಹಿಂದಿನ ಬೆಂಚಿನಿಂದ ಹಲಗೆ ನೋಡುವ ಮಗುವನ್ನು “ಎಲ್ಲಿ ನೋಡ್ತೀಯೋ” ಎಂದು ಗದರುವ ಶಿಕ್ಷಕರೂ ಇದನ್ನು ಓದಲಿ.

ವೈದ್ಯರು ಕಣ್ಣುಗಳನ್ನು ಒಂದೊಂದಾಗಿ ಮುಚ್ಚಿ ತೆರೆದು ಅವುಗಳ ಚಲನೆ ನೋಡುತ್ತಾರೆ. ಪ್ರಿಸಮ್ ಎಂಬ ಗಾಜು ಹಿಡಿದು ಎಷ್ಟು ಸರಿದಿದೆ ಎಂದು ಅಳೆಯುತ್ತಾರೆ. ಅಳತೆ ಎರಡು: ಸುಮಾರು 33 ಸೆಂ.ಮೀ. ಹತ್ತಿರದ್ದು, 6 ಮೀಟರ್ ದೂರದ್ದು. ಎರಡೂ ಹೆಚ್ಚುಕಡಿಮೆ ಒಂದೇ ಇದ್ದರೆ ಒಂದು ಬಗೆ, ದೂರದ ಅಳತೆ ಬಹಳ ಹೆಚ್ಚಿದ್ದರೆ ಇನ್ನೊಂದು, ಹತ್ತಿರದ್ದು ಹೆಚ್ಚಿದ್ದರೆ ಮೂರನೆಯದು. ಎರಡನೆಯದರಲ್ಲಿ ಒಂದು ತೊಡಕಿದೆ. ಹತ್ತಿರ ನೋಡುವಾಗ ಕಣ್ಣುಗಳು ಬಲವಾಗಿ ಒಳಗೆ ಕೂಡಿ ದೋಷವನ್ನು ಅಡಗಿಸಿರಬಹುದು. ಅದಕ್ಕೇ ಒಂದು ಕಣ್ಣಿಗೆ ಅರ್ಧದಿಂದ ಒಂದು ತಾಸು ಪಟ್ಟಿ ಹಾಕಿ ಮತ್ತೆ ಅಳೆಯುತ್ತಾರೆ. ಸುಮ್ಮನೆ ಕೂಡಿಸಿದರೆಂದು ಬೇಸತ್ತು ಎದ್ದು ಬರಬೇಡಿ, ನಡುವೆ ಪಟ್ಟಿ ಬಿಚ್ಚಲೂ ಬೇಡಿ.

ಚಿಕಿತ್ಸೆ ಈ ಬಗೆಯ ಮೇಲೂ ಕಣ್ಣು ದಿನದಲ್ಲಿ ಎಷ್ಟು ಹೊತ್ತು ಹತೋಟಿಯಲ್ಲಿರುತ್ತದೆ ಎಂಬುದರ ಮೇಲೂ ನಿಂತಿದೆ. ಕೆಲವರಿಗೆ ಕನ್ನಡಕ ಸಾಕು, ಮೂರನೆಯ ಬಗೆಗೆ ಕಣ್ಣಿನ ವ್ಯಾಯಾಮ ನೆರವಾಗುತ್ತದೆ, ಕೆಲವರನ್ನು ಆರಾರು ತಿಂಗಳಿಗೆ ನೋಡುತ್ತಿದ್ದರಾಯಿತು. ಕಣ್ಣು ದಿನದ ಹೆಚ್ಚು ಹೊತ್ತು ಹೊರಗೇ ಉಳಿಯತೊಡಗಿದರೆ ಎರಡು ಕಣ್ಣು ಕೂಡಿ ನೋಡುವ ಶಕ್ತಿ ಕುಂದಬಹುದು. ಆಗ ಆಪರೇಷನ್ ಮಾತು ಬರುತ್ತದೆ. ಮೆಳ್ಳಗಣ್ಣು ಅದೃಷ್ಟವೆಂದು ದಾದಿ ಹೇಳಿದರೂ ಒಮ್ಮೆ ತೋರಿಸಿ. ಹೆಣ್ಣುಮಗುವಾದರೆ ಮದುವೆಯ ಚಿಂತೆಯಿಂದ ಮುಚ್ಚಿಡುವುದನ್ನು ನಾವು ಒಪ್ಪುವುದಿಲ್ಲ.

ಸರಕಾರಿ ಶಾಲೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ಹೇಳಬಹುದು. 18 ವರ್ಷದವರೆಗಿನ ಮಕ್ಕಳ ತಪಾಸಣೆ ಉಚಿತ. ಬೀದರದಲ್ಲಿ ಬ್ರಿಮ್ಸ್ ಇದೆ. ಔರಾದದಿಂದ ಬರುವ ಬಸ್ ಚಾರ್ಜು ಮತ್ತು ತಪ್ಪುವ ಒಂದು ದಿನದ ಕೂಲಿ, ಬಡವರಿಗೆ ಇವೇ ಅಡ್ಡಿ. ದಾನಿಗಳು ಇದಕ್ಕೊಂದು ಪಾಲು ಎತ್ತಿಡಬೇಕೆಂದು ಕೋರುತ್ತೇವೆ. ಪಾಲಕರು ಮಗುವಿನ ಕಣ್ಣಿನ ವಿಷಯವನ್ನು ಅರ್ಜಿಯ ಜೊತೆ ಒಂದು ಚೀಟಿಯಲ್ಲಿ ಬರೆದು ಕೊಡಿ. ಇದರಿಂದ ವಿದ್ಯಾರ್ಥಿವೇತನಕ್ಕೆ ಏನೂ ತೊಂದರೆಯಿಲ್ಲ.